ನಲವತ್ತೊಂದನೇ ನಂಬರಿನ ಗುಡಿ

ಅರವತ್ತಮೂರು ಮನೆಗಳ ಪಟ್ಟಿಯಲ್ಲಿ ನಲವತ್ತೊಂದನೆಯದು ಮನೆಯೇ ಆಗಿರಲಿಲ್ಲ. ‘ಊರಮ್ಮ — ಗುಡಿ’ ಎಂದಿತ್ತು. ಎದುರಿಗೆ ಷರಾ: ಪೂಜಾಸ್ಥಳ, ಪುನರ್ವಸತಿ ಇಲ್ಲ.

ಸುನಂದಾ ಆ ಸಾಲನ್ನು ಮೂರು ಸಲ ಓದಿದಳು. ಬಳ್ಳಾರಿಯ ಪುನರ್ವಸತಿ ಕಚೇರಿಯಲ್ಲಿ ಅವಳು ಸಮುದಾಯ ಸಂಘಟಕಿ. ರಸ್ತೆಗಾಗಿ ಕಾಲುವೆ ದಂಡೆಯ ಕಾಲೋನಿಯನ್ನು ಕೆಡವಿ ಆರು ತಿಂಗಳಾಗಿತ್ತು. ಮನೆ ಕಳೆದುಕೊಂಡವರಿಗೆ ಹೊಸ ಕಟ್ಟಡದ ಬೀಗದಕೈ ಕೊಡುವುದು ನಾಳೆ. ಬೆಳಿಗ್ಗೆ ಕಿಟಕಿಯಾಚೆ ನಿಂತು ತನ್ನ ಹೆಸರು ಹುಡುಕಿಸಿದ ಮುದುಕಿ — ಆಕೆಯೇ ಊರಮ್ಮ. ದೇವತೆಯಲ್ಲ, ಮನುಷ್ಯಳು. ಕುರುಗೋಡಿನಲ್ಲಿ ಯಾರದೋ ಪಡಸಾಲೆಯ ಮೂಲೆಯಲ್ಲಿ ಮಲಗುತ್ತಿದ್ದಳು. ಈ ವಾರ ಅದನ್ನೂ ಬಿಡಬೇಕಿತ್ತು. ನಾಳೆ ಕೈತಪ್ಪಿದರೆ ಮುಂದೆ ಎಲ್ಲಿಗೆ?

ಕಚೇರಿಯಲ್ಲಿ ನಗೆ ಎದ್ದಿತು. ಊರಮ್ಮ ಎಂದೊಡನೆ ಗ್ರಾಮದೇವತೆ ಎಂದುಕೊಂಡು, ಸಮೀಕ್ಷೆಗೆ ಹೋದ ಚಿದಾನಂದಪ್ಪ ಗುಡಿ ಎಂದು ಗೀಚಿದ್ದಾರೆ ಎಂದರು ಎಲ್ಲರೂ. ನಿವೃತ್ತಿಗೆ ಎರಡು ತಿಂಗಳಿದ್ದ ಆ ಮನುಷ್ಯ ಮಾತ್ರ ನಗಲಿಲ್ಲ.

“ಸುನಂದಮ್ಮಾ, ಕದ ಬರೇ ಮುಂದ ಮಾಡಿತ್ತು, ಕೀಲಿ ಇರಲಿಲ್ಲ. ನಾ ಓಣಿಯಾಗ ನಿಂತು ಫೋಟೋ ಹೊಡದೆ. ಮನಿಯೋ ಗುಡಿಯೋ ಅಂತ ಕೇಳೇ ಬರ್ದೀನಿ. ಕಾಲೋನಿ ಮುಖಂಡನ ಸಹಿ ಐತಿ, ನೋಡ್ರಿ.”

ಮುಖಂಡ ವೀರಭದ್ರ. ಕರೆಸಿದಾಗ ನಗುತ್ತಲೇ ಬಂದ. ತನ್ನದು ಮುಂದಿನ ಓಣಿ, ಅಲ್ಲಿ ಯಾರೋ ದೀಪ ಇಡುತ್ತಿದ್ದರು, ಗುಡಿಯೆಂದೇ ನಂಬಿದ್ದೆ, ಒಳಗೆ ಇಣುಕಿಯೂ ನೋಡಿಲ್ಲ ಎಂದ. ಹೆಸರೇ ಹಾಗಿದ್ದರೆ ತಾನೇನು ಮಾಡಲಿ? ಮತ್ತೆ ಎಲ್ಲರೂ ನಕ್ಕರು.

ಸುನಂದಾ ಬಸ್ಸು ಹಿಡಿದು ಕುರುಗೋಡಿಗೆ ಹೋದಳು. ಸಮೀಕ್ಷೆಯ ವಾರ ಊರಮ್ಮ ಭತ್ತದ ನಾಟಿಗೆ ಸಿರುಗುಪ್ಪದ ಕಡೆ ಹೋಗಿದ್ದಳಂತೆ. ಸಾಕ್ಷಿ ಹೇಳುವವರು ಯಾರಾದರೂ? ನೆರೆಯವರು ಚದುರಿಹೋಗಿದ್ದರು, ಫೋನ್ ನಂಬರು ಗೊತ್ತಿಲ್ಲ. ಬಂಧುಗಳು? ಮುದುಕಿ ತಲೆ ಅಲ್ಲಾಡಿಸಿದಳು. ಮರಳುವ ಬಸ್ಸಿನಲ್ಲಿ ಪಕ್ಕದ ಸೀಟು ಕೊನೆಯತನಕ ಖಾಲಿಯೇ ಇತ್ತು. ಸುನಂದಾ ಅಲ್ಲಿ ತನ್ನ ಚೀಲ ಇಟ್ಟುಕೊಂಡಳು. ಮೊಬೈಲಿನಲ್ಲಿ ಸಮೀಕ್ಷೆಯ ಫೋಟೋ ತೆರೆದಳು.

ಬೇವಿನ ಮರ, ಚೌಕಟ್ಟಿಗೆ ಕುಂಕುಮ, ಸಾಕ್ಷಿಯಾಗಿ ಕದ ಅರೆ ಸರಿಸಿ ಬಾಗಿಲಲ್ಲಿ ನಿಂತ ವೀರಭದ್ರ. ಕಚೇರಿಯವರೆಲ್ಲ ಕುಂಕುಮ ನೋಡಿ ನಕ್ಕಿದ್ದರು. ಅವಳು ಚಿತ್ರವನ್ನು ಹಿಗ್ಗಿಸಿ ಕೆಳಗೆ ಸರಿಸಿದಳು. ವೀರಭದ್ರನ ಕಾಲ ಬಳಿ ಬೆರಳು ನಿಲ್ಲಿಸಿದಳು.

ಮರುದಿನ ಬೀಗದಕೈ ಹಂಚುವ ಮೊದಲು, ಅಧಿಕಾರಿಯ ಮುಂದೆ ಫೋಟೋ ತೋರಿಸಿ ಮೆಲ್ಲಗೆ ಕೇಳಿದಳು —

“ವೀರಭದ್ರಪ್ಪಾ, ಇಲ್ಲಿ ನಿಮ್ಮ ಎಡಗಾಲು ಎಲ್ಲೈತಿ?”

“ಹೊಸ್ತಿಲದಾಚಿ... ಒಳಗ.”

“ಒಳಗ ಇಣುಕೇ ಇಲ್ಲ ಅಂದಿದ್ರಿ. ಇರಲಿ. ಕಾಲಾಗ ಏನೈತಿ?”

ಅವನು ಫೋಟೋ ನೋಡಿದ.

“ಚಪ್ಲಿ. ಗುಡಿ ಅಂತ ನಂಬಿದ ಯಾರೂ ಚಪ್ಲಿ ಕಾಲು ಒಳಗ ಇಡಂಗಿಲ್ರಿ. ಅದು ಮನಿ ಅಂತ ನಿಮಗ ಗೊತ್ತಿತ್ತು.”

ಉಳಿದದ್ದನ್ನು ಅವಳು ಅಧಿಕಾರಿಗೆ ವಿವರಿಸಿದಳು. ಚಿದಾನಂದಪ್ಪನವರದು ಕೇಳಿ ಬರೆದ ತಪ್ಪು, ಇವನದು ತಿಳಿದು ಹೇಳಿದ ಸುಳ್ಳು. ಗುಡಿ ಎಂದಾದರೆ ಒಂದು ಮನೆ ಉಳಿಯುತ್ತದೆ. ಉಳಿದ ಮನೆ ಕಾಯುವವರ ಪಟ್ಟಿಯ ಮೊದಲಿಗನಿಗೆ. ಆ ಮೊದಲಿಗ ಹಂಪೇಶ್ — ವೀರಭದ್ರನ ಅಕ್ಕನ ಮಗ.

ವೀರಭದ್ರ ಒಪ್ಪಿಕೊಂಡ. “ಅರವತ್ತಮೂರು ಮನಿಯಾಗ, ಹುಡುಕ್ಕೊಂಡು ಯಾರೂ ಬರದಾಕಿ ಅಂದ್ರ ಆಕಿ ಒಬ್ಬಾಕಿ. ಅದಕ್ಕ ಆರಿಸಿದೆ.”

ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ಸುನಂದಾಳಿಗೆ ಆ ಮಾತು ತನಗೇ ಹೇಳಿದಂತೆ ಕೇಳಿಸಿತು. ಪಟ್ಟಿಯಲ್ಲಿ ‘ಗುಡಿ’ ಹೊಡೆದುಹಾಕಿ ‘ಮನೆ’ ಎಂದು ಬರೆದಳು.

ಸಂಜೆ ಎರಡನೇ ಮಹಡಿಯ ಮನೆಯ ಬಾಗಿಲು ತೆರೆದುಕೊಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ಊರಮ್ಮ ಖಾಲಿ ಕೋಣೆಯ ನಡುವೆ ನಿಂತು ಸುತ್ತ ನೋಡಿದಳು.

“ದೇವ್ರು ಮಾಡಿದ್ರೇನು ನನ್ನ?” ಎಂದು ನಕ್ಕಳು. ಆಮೇಲೆ ಅಂದಳು: “ಹಂಗ ಬಿಟ್ಟಿದ್ರೂ ಚಲೋ ಇತ್ತವ್ವ. ವಾರಕ್ಕೊಮ್ಮಿ ಯಾರಾರ ಬಂದು ಮಾತಾಡಿಸ್ತಿದ್ರು.”