ದುಂಡಿ ಬರೆದ ಥ್ಯಾಂಕ್ಸ್ ಪತ್ರಗಳು

"ಇಷ್ಟನ್ನೂ ಇನ್ನೆಲ್ಲಿಗೆ ತುರುಕೋದು?"

ಜವಾನ ಮಾಮ ಕೇಳಿದ್ದು ಯಾರನ್ನೂ ಅಲ್ಲ. ಅವರ ಎದುರಿಗಿದ್ದದ್ದು ಒಂದು ಲಾರಿ. ಅದರ ತುಂಬ ಹಳೆಯ ಕಂಪ್ಯೂಟರುಗಳು. ಶಾಲೆಗೆ ಬಂದ ಮೂರನೆಯ ಲಾರಿ ಅದು.

ದುಂಡಿ ವರಾಂಡದ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಐದನೆಯ ಕ್ಲಾಸಿನ ಈ ಹುಡುಗಿ ಕಡ್ಡಿಯಂತೆ ಸಣ್ಣಗಿದ್ದಳು. ಆದರೂ ದುಂಡಿ ಎಂಬ ಹೆಸರು ಬಿದ್ದದ್ದು ಅವಳ ದುಂಡನೆಯ ಅಕ್ಷರದಿಂದ. ಶಾಲೆಯ ನೋಟಿಸು, ಹೆಡ್ ಮೇಷ್ಟ್ರ ಪತ್ರ, ಗೇಟಿನ ಮೇಲಿನ 'ಇಲ್ಲಿ ಸೈಕಲ್ ನಿಲ್ಲಿಸಬೇಡಿ', ಎಲ್ಲವೂ ಅವಳ ಕೈಬರಹವೇ.

ದೂರದ ಶ್ರೀಮಂತ ದೇಶದ ಒಂದು ಕಂಪನಿ, ತಾನು ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ಬಡ ಶಾಲೆಗಳಿಗೆ ದಾನ ಕೊಡುತ್ತಿತ್ತು. ಮೊದಲ ಲಾರಿ ಬಂದ ದಿನ ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತ್ತು. ಹೆಡ್ ಮೇಷ್ಟ್ರು ಒಂದು ಕಂಪ್ಯೂಟರಿನ ಪ್ಲಗ್ ಚುಚ್ಚಿದರು. ಅದು 'ಟುಸ್' ಎಂದಿತು. ಬೀದಿಯ ಕರೆಂಟೆಲ್ಲ ಹೋಯಿತು. ಮರುದಿನ ಎರಡನೆಯದನ್ನು ನೋಡಿದರು. ಅದು ಟುಸ್ ಎನ್ನುವಷ್ಟು ಮರ್ಯಾದೆಯನ್ನೂ ತೋರಲಿಲ್ಲ. ನೂರಕ್ಕೆ ನೂರೂ ಸತ್ತುಹೋದವೇ.

ಆದರೆ ದಾನ ಬಂದದ್ದನ್ನು ಬಿಸಾಕುವುದುಂಟೇ? ಐದನೆಯ ಕ್ಲಾಸಿನ ಬಾಗಿಲಿಗೆ 'ಕಂಪ್ಯೂಟರ್ ಲ್ಯಾಬ್' ಎಂಬ ಬೋರ್ಡು ಬಂತು, ಐದನೆಯ ಕ್ಲಾಸು ಅಂಗಳಕ್ಕೆ ಬಂತು. ಎರಡನೆಯ ಲಾರಿ ಇನ್ನೂ ದೊಡ್ಡದು. ಎರಡು, ಮೂರು, ನಾಲ್ಕನೆಯ ಕ್ಲಾಸುಗಳೂ ಚಾಪೆ ಸುತ್ತಿಕೊಂಡು ಹೊರಟವು.

ಕಂಪ್ಯೂಟರುಗಳು ಓಡುತ್ತಿರುವ ಫೋಟೊ ಬೇಕೆಂದು ಕಂಪನಿ ಕೇಳಿದಾಗ ಮಕ್ಕಳು ಹಾಳೆಯಲ್ಲಿ ಚಿತ್ರ ಬರೆದು ಸ್ಕ್ರೀನುಗಳಿಗೆ ಅಂಟಿಸಿದರು. ಒಂದರಲ್ಲಿ ಆನೆ, ಒಂದರಲ್ಲಿ ವಿಮಾನ, ಒಂದರಲ್ಲಿ ಹೆಡ್ ಮೇಷ್ಟ್ರ ಮೀಸೆ. ಒಂದನೆಯ ಕ್ಲಾಸಿಗೆ ಸಿಕ್ಕಿದ್ದು ಒಂದು ಕೀಬೋರ್ಡ್ ಮಾತ್ರ. ಆ ಮಕ್ಕಳು ಎಬಿಸಿಡಿ ಕಲಿತದ್ದೇ ಅದನ್ನು ನೋಡಿ. "ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ" ಎಂದು ತಲೆದೂಗುತ್ತ ಪದ್ಯದಂತೆ ಹಾಡುತ್ತಿದ್ದರು. ಅಷ್ಟು ಇಂಪಾದ ಪದ್ಯವನ್ನು ತಿದ್ದಲು ಟೀಚರಿಗೂ ಮನಸ್ಸು ಬರಲಿಲ್ಲ.

ನಗು ಬಾರದ ಸಂಗತಿ ಒಂದಿತ್ತು, ಹೊಗೆ. ಒಡೆದುಹೋದ ಕಂಪ್ಯೂಟರುಗಳನ್ನು ಗುಜರಿ ಅಣ್ಣ ಶಾಲೆಯ ಹಿತ್ತಲಿಗೆ ಒಯ್ದು, ಒಳಗಿನ ತಾಮ್ರಕ್ಕಾಗಿ ವೈರುಗಳನ್ನು ಸುಡುತ್ತಿದ್ದ. ಆ ಕಪ್ಪು ಹೊಗೆ ನೆಟ್ಟಗೆ ಅಂಗಳಕ್ಕೇ ಬರುತ್ತಿತ್ತು. "ಎರಡೊಂದ್ಲೆ ಎರಡು, ಖೊಕ್ ಖೊಕ್, ಎರಡೆರಡ್ಲೆ ನಾಲ್ಕು, ಖೊಕ್ ಖೊಕ್" ಎಂದು ಮಗ್ಗಿ ಸಾಗುತ್ತಿತ್ತು. ದುಂಡಿಯ ತಮ್ಮನಿಗಂತೂ ಉಬ್ಬಸ. ಅವನು ಒಂದನೆಯ ಕ್ಲಾಸು. ಕಿಟಕಿ ಮುಚ್ಚಿಕೊಂಡು ಕೂರಲು ಶಾಲೆಯಲ್ಲಿ ಉಳಿದಿದ್ದ ಒಂದೇ ಕೋಣೆ ಅವನದು.

"ಬೇಗ ಇಳಿಸ್ಕೊಳ್ಳಿ, ನನಗಿನ್ನೂ ನಾಲ್ಕು ಸ್ಕೂಲಿದೆ" ಎಂದ ಲಾರಿ ಡ್ರೈವರ್.

"ಅವರೆಲ್ಲ ಇದನ್ನ ತಗೊಂಡು ಏನ್ ಮಾಡ್ತಾರಂತೆ?" ಎಂದರು ಜವಾನ ಮಾಮ.

"ಒಂದು ಸ್ಕೂಲಲ್ಲಿ ಕಾಂಪೌಂಡ್ ಕಟ್ಟಿದಾರೆ. ಗಟ್ಟಿಯಾಗಿದೆ."

ಅಷ್ಟರಲ್ಲಿ ಹೆಡ್ ಮೇಷ್ಟ್ರು ಬಂದರು. ಬಲು ಮರ್ಯಾದಸ್ಥರು. ಬಾಗಿಲಿಗೆ ತಲೆ ತಗುಲಿದರೂ ಬಾಗಿಲಿಗೇ ಸಾರಿ ಹೇಳುವವರು.

"ಸದ್ಯಕ್ಕೆ ವರಾಂಡದಲ್ಲಿ ಜೋಡಿಸಿ."

"ಆಯ್ತು ಸರ್. ಮುಂದಿನ ಲಾರಿ ಬಂದ್ರೆ?"

"ಇನ್ನೇನು, ಒಂದನೇ ಕ್ಲಾಸ್ ಇದೆಯಲ್ಲ."

ದುಂಡಿ ಕಂಬ ಬಿಟ್ಟು ತಮ್ಮನ ಕ್ಲಾಸಿನ ಕಿಟಕಿಯತ್ತ ತಿರುಗಿದಳು.

ಡ್ರೈವರ್ ಜೇಬಿನಿಂದ ಒಂದು ಪತ್ರ ತೆಗೆದ. ಕಂಪನಿಯವರು ಯಾರಿಂದಲೋ ಮಕ್ಕಳ ಭಾಷೆಯಲ್ಲೇ ಬರೆಸಿ ಕಳಿಸಿದ್ದರು.

"ಓದಮ್ಮ ದುಂಡಿ, ಕನ್ನಡಕ ಮನೇಲೇ ಬಿಟ್ಟು ಬಂದಿದೀನಿ" ಎಂದರು ಮೇಷ್ಟ್ರು.

ದುಂಡಿ ಓದಿದಳು. "ಪ್ರೀತಿಯ ಮಕ್ಕಳೇ, ನಿಮ್ಮ ಎರಡನೆಯ ಥ್ಯಾಂಕ್ಸ್ ಪತ್ರವೂ ತಲುಪಿತು. ಎಂಥ ಚಂದದ ಅಕ್ಷರ. ಎರಡಕ್ಕೂ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದ್ದೇವೆ. ನೋಡಿದವರೆಲ್ಲ ಕಣ್ಣೊರೆಸಿಕೊಂಡು, ತಮ್ಮ ಮನೆಯ ಹಳೆಯ ಕಂಪ್ಯೂಟರನ್ನೂ ತಂದು ಕೊಡುತ್ತಿದ್ದಾರೆ. ನೀವು ಇನ್ನೊಂದು ಪತ್ರ ಬರೆಯಿರಿ. ನಾವು ಇನ್ನೊಂದು ಲಾರಿ ಕಳಿಸುತ್ತೇವೆ."

ಓದುತ್ತ ಓದುತ್ತ ಅವಳ ಧ್ವನಿ ಸಣ್ಣಗಾಯಿತು. ಮೊದಲ ಪತ್ರ, ಎರಡನೆಯ ಲಾರಿ. ಎರಡನೆಯ ಪತ್ರ, ಮೂರನೆಯ ಲಾರಿ. ಎರಡನ್ನೂ ಬರೆದ ತನ್ನ ಬೆರಳುಗಳನ್ನು ಅವಳು ಬೇರೆ ಯಾರದೋ ಬೆರಳೆಂಬಂತೆ ನೋಡಿದಳು.

"ನೋಡಿದ್ಯಾ, ನಿನ್ನ ಕೈಬರಹ ಎಲ್ಲಿಗೆ ಹೋಗಿ ಕೂತಿದೆ" ಎಂದು ಮೇಷ್ಟ್ರು ಹಿಗ್ಗಿದರು. ಹಾಳೆ, ಪೆನ್ನು ತರಿಸಿದರು. "ಕೂತ್ಕೋ, ಹೇಳ್ತೀನಿ. 'ಮಾನ್ಯರೇ, ನಿಮ್ಮ ಉಪಕಾರವನ್ನು...'"

"ಸರ್, 'ಸಾಕು' ಅಂತ ಬರೀಲಾ?"

"ಛೇ, ಅವರ ಮನಸ್ಸಿಗೆ ನೋವಾಗಲ್ವಾ?"

"'ಒಂದೂ ಆನ್ ಆಗಲ್ಲ' ಅಂತ?"

"ಆಗುತ್ತೆ ಅಂತ ಫೋಟೊ ಕಳಿಸಿದೀವಲ್ಲಮ್ಮ. ಈಗ ಆಗಲ್ಲ ಅಂದ್ರೆ ನಾವು ಕೆಡಿಸಿದ್ವಿ ಅಂದ್ಕೊಳಲ್ವಾ?"

ಜವಾನ ಮಾಮ ಒಂದು ಕಂಪ್ಯೂಟರನ್ನು ಹೊಟ್ಟೆಗೆ ಆತುಕೊಂಡು ಹಾದುಹೋಗುತ್ತ ನಿಂತರು. "ನನ್ನ ಕೈಲಿ ಬರೆಸಿ ಸರ್. ನನ್ನ ಅಕ್ಷರ ನೋಡಿದ್ರೆ ಕೊಟ್ಟಿದ್ದನ್ನೂ ವಾಪಸ್ ತಗೊಂಡು ಹೋಗ್ತಾರೆ."

ಮೇಷ್ಟ್ರಿಗೆ ನಗು ಬರಲಿಲ್ಲ. "ಕೊಟ್ಟವರಿಗೆ ಒಂದು ಥ್ಯಾಂಕ್ಸ್ ಹೇಳದಿದ್ರೆ ನಾವೂ ಮನುಷ್ಯರಾ? ಬರೀ ಮಗಳೇ. ನಾಲ್ಕೇ ಸಾಲು. ಡ್ರೈವರ್ ಕಾಯ್ತಿದಾರೆ."

ಹಿತ್ತಲಿನಿಂದ ಹೊಗೆ ಏಳತೊಡಗಿತು. ಒಂದನೆಯ ಕ್ಲಾಸಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಕೊನೆಯದಕ್ಕೆ ಚಿಲಕ ಸಿಗದೆ, ಒಂದು ಪುಟ್ಟ ಕೈ ಗಾಜಿನ ಹಿಂದೆ ತಡಕಾಡುತ್ತಿತ್ತು. ಕಡೆಗೆ ಅದೂ ಮುಚ್ಚಿಕೊಂಡಿತು.

ದುಂಡಿ ಅಲ್ಲಿಯವರೆಗೆ ಆ ಕಿಟಕಿಯನ್ನೇ ನೋಡುತ್ತಿದ್ದಳು. ಮೇಷ್ಟ್ರು ಬರೆ ಎಂದದ್ದರಲ್ಲಿ ಅವಳು ಬರೆಯದೆ ಇದ್ದದ್ದು ಇದುವರೆಗೆ ಒಂದೂ ಇರಲಿಲ್ಲ. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಖಾಲಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಮರ್ಯಾದೆಯಿಂದಲೇ ಮೇಷ್ಟ್ರ ಕಡೆಗೆ ಚಾಚಿದಳು.

"ನಾನು ಬರೆಯಲ್ಲ ಸರ್."