ಇಲಿಮರಿ ಅಳಿಸಿದ ನಲವತ್ತು ಪುಟ

"ಆಯ್ತು! ನಲವತ್ತನೇ ಪುಟಾನೂ ಫಿನಿಶ್!"

ಇಲಿಮರಿ ರಬ್ಬರಿನ ಪುಡಿಯನ್ನು ಉಫ್ ಎಂದು ಊದಿದಳು. ಪುಡಿಯೆಲ್ಲ ಹಾರಿ ಅವಳ ಯೂನಿಫಾರ್ಮಿನ ಮೇಲೆಯೇ ಬಂದು ಕೂತಿತು. ಶನಿವಾರದ ಅರ್ಧ ದಿನದ ಸ್ಕೂಲು ಮುಗಿಸಿ ನೇರವಾಗಿ ಅಮ್ಮನ ಆಫೀಸಿಗೆ ಬಂದವಳು ಎರಡು ಗಂಟೆ ತಲೆ ಎತ್ತಿರಲಿಲ್ಲ. ಬೆರಳು ನೋಯುತ್ತಿತ್ತು. ಆದರೂ ಬೆಳ್ಳಗೆ ಹೊಳೆಯುವ ಪುಟಗಳನ್ನು ನೋಡಿ ಅವಳಿಗೆ ತನ್ನ ಮೇಲೆ ತನಗೇ ಅಭಿಮಾನ ಉಕ್ಕಿತು.

ಇಲಿಮರಿ ಅವಳ ನಿಜವಾದ ಹೆಸರಲ್ಲ. ಅವಳ ಅಮ್ಮ ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಆರ್ಕೆಸ್ಟ್ರಾದಲ್ಲಿ. ಪಿಟೀಲು, ಕೊಳಲು, ಡ್ರಮ್ಮು ಎಲ್ಲ ಸೇರಿ ತೊಂಬತ್ತು ಜನ ನುಡಿಸುವವರು. ಅಮ್ಮ ಏನನ್ನೂ ನುಡಿಸುತ್ತಿರಲಿಲ್ಲ. ಆದರೆ ಅವರೆಲ್ಲ ನೋಡಿಕೊಂಡು ನುಡಿಸುವ ಹಾಳೆಗಳು ಅಮ್ಮನ ಕೈಯಲ್ಲಿದ್ದವು. ಹಾಲ್‌ನ ಕೆಳಗಿನ ಒಂದು ಕೋಣೆಯಲ್ಲಿ ಸೂರಿನವರೆಗೂ ಬರೀ ಕಾಗದ. ಆ ಕಪಾಟುಗಳ ಸಂದಿಯಲ್ಲಿ ಕೂತು ಹೋಮ್‌ವರ್ಕ್ ಮಾಡುವ ಹುಡುಗಿಗೆ ನುಡಿಸುವವರೇ ಇಟ್ಟ ಹೆಸರು, ಇಲಿಮರಿ.

ನುಡಿಸುವವರು ಹಾಳೆಗಳ ಮೇಲೆ ಪೆನ್ಸಿಲಿನಲ್ಲಿ ಏನೇನೋ ಗುರುತು ಮಾಡಿಕೊಳ್ಳುತ್ತಿದ್ದರು. 'ಮೆಲ್ಲಗೆ', 'ಜೋರು', 'ಇಲ್ಲಿ ಹುಷಾರು'. ಬಾಡಿಗೆಗೆ ತಂದ ಹಾಳೆಗಳನ್ನು ಆಯಾ ಕಛೇರಿ ಮುಗಿದ ಮೇಲೆ ಅಳಿಸಿ, ಚೊಕ್ಕ ಮಾಡಿ ವಾಪಸ್ ಕಳಿಸಬೇಕು. ಅದರಲ್ಲಿ ಇಲಿಮರಿಯದು ಎತ್ತಿದ ಕೈ.

ಅಮ್ಮ ಬಾಗಿಲಲ್ಲಿ ಇಣುಕಿದಳು. ಒಂದು ಕಿವಿಗೆ ಫೋನು, ಇನ್ನೊಂದು ಕಿವಿಯ ಮೇಲೆ ಪೆನ್ಸಿಲು.

"ಪುಟ್ಟಾ, ಮೇಷ್ಟ್ರ ಪುಸ್ತಕ ಎತ್ತಿಟ್ಟಿರು. ಕಂದು ರಟ್ಟಿಂದು. ಮೂರು ಗಂಟೆಗೆ ರಿಹರ್ಸಲ್. ಹೊಸ ಮೇಡಂ ಅದನ್ನೇ ಇಟ್ಕೊಂಡು ನಡೆಸ್ತಾರೆ. ಎಲ್ಲಾ ಮೇಷ್ಟ್ರು ಬರೆದಿರೋ ಹಾಗೇ ಆಗ್ಬೇಕಂತೆ."

ಅಮ್ಮ ಹೊರಟುಹೋದಳು. ಇಲಿಮರಿ ತನ್ನ ಮುಂದಿದ್ದ ಪುಸ್ತಕದ ರಟ್ಟನ್ನು ಮುಚ್ಚಿ ನೋಡಿದಳು.

ಕಂದು.

ಅವಳು ರಬ್ಬರನ್ನು ಕೆಳಗಿಟ್ಟಳು.

ಮೇಷ್ಟ್ರು ಎಂದರೆ ಈ ಆರ್ಕೆಸ್ಟ್ರಾದ ಕಂಡಕ್ಟರ್. ಸ್ಕೂಲಿನಲ್ಲಿ ಹೀಗೆಂದರೆ "ಯಾವ ರೂಟಿನ ಬಸ್ಸೇ?" ಎಂದು ನಗುತ್ತಿದ್ದರು. ಇವರು ಟಿಕೆಟ್ ಕೊಡುವವರಲ್ಲ. ತೊಂಬತ್ತು ಜನರ ಎದುರು ನಿಂತು, ತೆಳ್ಳನೆಯ ಕಡ್ಡಿ ಆಡಿಸುತ್ತ, ಯಾರು ಯಾವಾಗ ಹೇಗೆ ನುಡಿಸಬೇಕೆಂದು ತೋರಿಸುವವರು. ಮೂವತ್ತೊಂದು ವರ್ಷ ತೋರಿಸಿ, ಹೋದ ವರ್ಷದ ಕೊನೆಗೆ ತೀರಿಕೊಂಡಿದ್ದರು. ಇವತ್ತು ಸಂಜೆ ಸೀಸನ್ನಿನ ಕೊನೆಯ ಕಛೇರಿ, ಅವರ ನೆನಪಿಗೆ. ಅವರಿಗೆ ಪ್ರೀತಿಯ ಸಿಂಫನಿ, ಅಂದರೆ ನಾಲ್ಕು ಭಾಗಗಳ ದೊಡ್ಡ ಸಂಗೀತ ಕೃತಿ, ಅವರದೇ ಪುಸ್ತಕ.

ಆ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹೆಚ್ಚಾಗಿ ಇದ್ದದ್ದೇ ಎರಡನೇ ಭಾಗದಲ್ಲಿ; ಅದು ಪೂರ್ತಿ ಈಗ ಬೆಳ್ಳಗಿತ್ತು. ಅಚ್ಚಾದ ಸ್ವರಗಳೇನೋ ಹಾಗೇ ಇದ್ದವು. ಪೆನ್ಸಿಲಿನಲ್ಲಿ ಬರೆದದ್ದೆಲ್ಲ ಪುಡಿಯಾಗಿ ಅವಳ ಯೂನಿಫಾರ್ಮಿನ ಮೇಲಿತ್ತು.

ಮೇಜಿನ ಎಡಗಡೆಯದು ಅಳಿಸಬೇಕಾದದ್ದು, ಬಲಗಡೆಯದು ಮುಟ್ಟಬಾರದ್ದು. ಅಮ್ಮ ಎರಡು ಸಲ ಹೇಳಿದ್ದಳು. ಟಿಫಿನ್ ಡಬ್ಬಿಗೆ ಜಾಗ ಮಾಡಲು ಕಟ್ಟುಗಳನ್ನು ಆಚೀಚೆ ಸರಿಸಿದವಳು ಇಲಿಮರಿಯೇ. ಅಳಿಸುವಾಗ ಅಲ್ಲಲ್ಲಿ ಕನ್ನಡಕದ ಚಿತ್ರ, 'ಎಲ್ಲಿ ನೋಡ್ತಿದ್ದಾನೆ ಇವನು?' ಎಂಬ ಬರಹ ಎಲ್ಲ ಕಂಡಿತ್ತು. ಅವಳ ಕ್ಲಾಸಿನಲ್ಲಿ ಪುಸ್ತಕದ ಮೇಲೆ ಹೀಗೆ ಗೀಚಿದವರನ್ನು ಹೊರಗೆ ನಿಲ್ಲಿಸುತ್ತಿದ್ದರು. "ಛೆ, ಯಾವ ತರಲೆ ಹುಡುಗ ಗೀಚಿದ್ದೋ!" ಎಂದು ಬೈದುಕೊಂಡೇ ಉಜ್ಜಿದ್ದಳು.

ಈಗ ಒಂದೇ ದಾರಿ. ಮತ್ತೆ ಬರೆಯುವುದು. ಪುಸ್ತಕವನ್ನು ಎದೆಗೆ ಅವುಚಿಕೊಂಡು ಅವಳು ಟೀ ಕುಡಿಯುವ ಕೋಣೆಗೆ ಓಡಿದಳು.

ಅಲ್ಲಿ ಮೂವರಿದ್ದರು. ತನಗಿಂತ ಎತ್ತರದ ಪಿಟೀಲು ನುಡಿಸುವ ತಾತ. ಫ್ಲೂಟ್ ಆಂಟಿ. ಬಿಳಿ ಮೀಸೆಯ ಡ್ರಮ್ ಮಾವ.

"ತಾತಾ, ಒಂದು ಡೌಟು. ಎರಡನೇ ಭಾಗ ಶುರುವಾಗೋ ಕಡೆ ಮೇಷ್ಟ್ರು ಏನು ಬರ್ಕೊಂಡಿದ್ರು?"

"ಯಾಕೇ ಇಲಿಮರಿ, ಹೋಮ್‌ವರ್ಕಾ?"

"ಹೂಂ. ಪ್ರಾಜೆಕ್ಟು." ಸುಳ್ಳು ಹೇಳುವಾಗ ಅವಳ ಕಿವಿ ಕೆಂಪಾಗುತ್ತಿತ್ತು. ಈಗ ಎರಡೂ ಟೊಮೇಟೊ.

"ನಿಧಾನ ಅಂತ ಬರ್ಕೋ. ನಿಧಾನ ಅಂದ್ರೆ ಅವರಿಗೆ ಪ್ರಾಣ."

"ಏನ್ ತಾತಾ ನೀವು!" ಫ್ಲೂಟ್ ಆಂಟಿ ಬಿಸ್ಕತ್ತನ್ನು ಟೀಯಲ್ಲೇ ಬಿಟ್ಟರು. "ನಿಧಾನ ಅಂತೆ! 'ಏನಮ್ಮಾ, ನಾಳೆ ಬೆಳಿಗ್ಗೆ ಮುಗಿಸ್ತೀಯಾ?' ಅಂತ ನನ್ನ ಕೇಳಿದ್ರು. ಎಲ್ಲರೆದುರಿಗೆ!"

"ಅದು ನೀನು ತೂಕಡಿಸ್ತಿದ್ದೆ ಅಂತ."

"ನಾನಾ? ಬಾಯಲ್ಲಿ ಫ್ಲೂಟ್ ಇಟ್ಕೊಂಡು ಯಾರಾದ್ರೂ ತೂಕಡಿಸ್ತಾರಾ?"

"ಇಬ್ಬರೂ ಸುಮ್ನಿರಿ," ಎಂದರು ಡ್ರಮ್ ಮಾವ. "ಅವರು ಬರೆದಿದ್ದೆಲ್ಲ ನನ್ನ ಬಗ್ಗೆ. ಕನ್ನಡಕ! ಕನ್ನಡಕ ಅಂದ್ರೆ ಅಲ್ಲಿ ಕಣ್ಣಿಟ್ಟು ನೋಡ್ಬೇಕು ಅಂತ. ಮೊದಲನೇ ವರ್ಷ ಒಂದೇ ಒಂದು ಏಟು ಮುಂಚೆ ಹೊಡೆದೆ. ಅಷ್ಟಕ್ಕೆ ಮೂವತ್ತೊಂದು ವರ್ಷ ಆ ಜಾಗ ಬಂದಾಗೆಲ್ಲ ನನ್ನನ್ನೇ ದುರುಗುಟ್ಟಿದ್ರು. ನನ್ನ ಮದುವೆಗೆ ಬಂದಾಗಲೂ ಹಾಗೇ ದುರುಗುಟ್ಟಿ ಹೋದ್ರು!"

ಇಲಿಮರಿ ಗಡಿಬಿಡಿಯಲ್ಲಿ ಎಲ್ಲವನ್ನೂ ಬರೆದಳು. 'ನಿಧಾನ'. ಅದರ ಕೆಳಗೆ 'ನಿಧಾನ ಅಲ್ಲ'. ಅದರ ಕೆಳಗೆ ಒಂದು ಸೊಟ್ಟ ಕನ್ನಡಕ.

ಅಷ್ಟರಲ್ಲಿ ತಾತ ತಮ್ಮ ವಾದ ಸಾಬೀತು ಮಾಡಲು ನಿಧಾನವಾಗಿ ಗುನುಗತೊಡಗಿದರು. ಆಂಟಿ ಬೇಗಬೇಗ ಗುನುಗಿದರು. ಡ್ರಮ್ ಮಾವ ಇಬ್ಬರಿಗೂ ಸರಿಯಾಗಿ ಮೇಜು ಬಡಿಯಲು ಹೋಗಿ ಒಂದು ಕಪ್ಪನ್ನು ಕೆಳಗೆ ಕೆಡವಿದರು.

"ಏನಿದು, ರಿಹರ್ಸಲ್ ಇಲ್ಲೇ ಶುರುವಾಯ್ತಾ?"

ಬಾಗಿಲಲ್ಲಿ ಹೊಸ ಕಂಡಕ್ಟರ್ ಮೇಡಂ. ಅವರ ಹಿಂದೆ ಅಮ್ಮ. ಇಬ್ಬರ ಕಣ್ಣೂ ಕಂದು ಪುಸ್ತಕದ ಮೇಲೆ ಬಿತ್ತು.

"ನಾನು... ಅಳಿಸಿಬಿಟ್ಟೆ," ಎಂದಳು ಇಲಿಮರಿ. "ಯಾರೋ ಗೀಚಿದ್ದಾರೆ ಅಂದ್ಕೊಂಡೆ. ನಲವತ್ತು ಪುಟ."

ಡ್ರಮ್ ಮಾವ ಕಪ್ಪಿನ ಚೂರು ಎತ್ತುವುದನ್ನು ನಿಲ್ಲಿಸಿದರು.

ಅಮ್ಮ ಪುಸ್ತಕ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಪೆನ್ಸಿಲು ಒತ್ತಿದ ಕಡೆ ಸಣ್ಣ ಸಣ್ಣ ತಗ್ಗು. ಓದಲು ಬರುವಂಥದ್ದು ಏನೂ ಇರಲಿಲ್ಲ. ಅಮ್ಮ ಅದರ ಮೇಲೆ ಒಮ್ಮೆ ಬೆರಳಾಡಿಸಿ, ಪುಸ್ತಕ ಮುಚ್ಚಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೇಡಂ ಅಲ್ಲೇ ಒಂದು ಕುರ್ಚಿಯಲ್ಲಿ ಕುಸಿದರು.

"ಒಂದು ವಾರದಿಂದ ಅದನ್ನ ಬಾಯಿಪಾಠ ಮಾಡೋಕೆ ಒದ್ದಾಡ್ತಿದ್ದೆ," ಎಂದರು. "ಮೊದಲ್ನೇ ಸಾಲಿನ ಮೇಲೆ 'ನಿಧಾನ' ಅಂತಿತ್ತು. ಅದರ ಕೆಳಗೆ 'ಇಷ್ಟು ನಿಧಾನ ಬೇಡ'. ಪಕ್ಕದಲ್ಲಿ 'ಹೋದ ವರ್ಷದ್ದೇ ಸರಿ'."

"ಯಾವ ಹೋದ ವರ್ಷ?" ಎಂದರು ಡ್ರಮ್ ಮಾವ.

"ಅದನ್ನೇ ಬರೆದಿರ್ಲಿಲ್ಲ."

ತಾತನಿಗೆ ಮೊದಲು ನಗು ಬಂತು. ಆಮೇಲೆ ಆಂಟಿಗೆ. ಕೊನೆಗೆ ಮೇಡಂ ಕೂಡ ಕಣ್ಣೊರೆಸಿಕೊಂಡು ನಕ್ಕರು. ಅಮ್ಮ ನಗಲಿಲ್ಲ.

"ಸರಿ ಹಾಗಾದ್ರೆ," ಮೇಡಂ ಎದ್ದರು. "ಎರಡನೇ ಭಾಗ ನೀವೇ ನುಡಿಸಿ ತೋರಿಸಿ. ನಾನು ಕಡ್ಡಿ ಕೆಳಗಿಡ್ತೀನಿ. ಬರೀ ಕೇಳ್ತೀನಿ."

ಇಲಿಮರಿ ಮುಚ್ಚಿದ ಬಾಗಿಲ ಹೊರಗೆ ಕೂತು ಕೇಳಿಸಿಕೊಂಡಳು. ಮೊದಲ ಸಲ ಸಂತೆಯೇ ಸೇರಿದಂತಿತ್ತು. ಎರಡನೇ ಸಲ, ಒಂದೇ ಹೊದಿಕೆಯನ್ನು ತಾತ ಒಂದು ಕಡೆ, ಆಂಟಿ ಇನ್ನೊಂದು ಕಡೆ ಎಳೆದಂತಿತ್ತು. ಮೂರನೇ ಸಲ ಯಾರೋ ಒಳಗೆ, "ಹಾಂ! ಅಲ್ಲೇ! ಅಲ್ಲೇ ಅವರು ಎರಡೂ ಕೈ ಇಳಿಸ್ತಿದ್ದಿದ್ದು!" ಎಂದು ಕೂಗಿದರು. ಅಮ್ಮ ಆ ದಾರಿಯಲ್ಲಿ ಮೂರು ಸಲ ಓಡಾಡಿದಳು. ಮೂರು ಸಲವೂ ಇಲಿಮರಿ ಅಲ್ಲಿ ಇಲ್ಲವೇನೋ ಎಂಬಂತೆ ದಾಟಿಹೋದಳು.

ಸಂಜೆ ಆರೂವರೆಗೆ ಹಾಲ್ ತುಂಬಿತ್ತು. ವೇದಿಕೆಯ ಪಕ್ಕದ ಪರದೆಯ ಹಿಂದೆ ಎರಡು ಮಡಚುವ ಕುರ್ಚಿ, ಅಮ್ಮನಿಗೊಂದು, ಇಲಿಮರಿಗೊಂದು. ಎರಡನೇ ಭಾಗ ಕೆಟ್ಟರೆ ಅದು ಮೇಡಂ ತಪ್ಪಲ್ಲ, ತಾತನದಲ್ಲ, ತನ್ನದು.

ಮೊದಲನೇ ಭಾಗ ಗುಡುಗಿ ಮುಗಿಯಿತು. ಮೇಡಂ ಪುಸ್ತಕವನ್ನು ಮುಚ್ಚಿಬಿಟ್ಟರು. ಯಾರೋ ಕೆಮ್ಮಿದರು. ಮೇಡಂ ಕೈ ಎತ್ತಿದರು.

ಆಗ ಕೇಳಿಸಿತು. ಸ್ವರವಲ್ಲ. ಉಸಿರು.

ತೊಂಬತ್ತು ಜನರೂ ಒಟ್ಟಿಗೆ ಮೂಗಿನಿಂದ ಉದ್ದನೆಯ ಉಸಿರು ಎಳೆದುಕೊಂಡರು. ತೊಂಬತ್ತು ಜೊತೆ ಭುಜ ಒಟ್ಟಿಗೆ ಮೇಲೆದ್ದವು. ಊದುವವರದಷ್ಟೇ ಅಲ್ಲ, ಪಿಟೀಲಿನವರದೂ. ಊದುವುದಕ್ಕೆ ಏನೂ ಇಲ್ಲದ ಡ್ರಮ್ ಮಾವನದೂ.

ಮೇಷ್ಟ್ರು ಹೀಗೆಯೇ ಎಳೆಯುತ್ತಿದ್ದರು, ಮೂರನೇ ಸಾಲಿನವರೆಗೂ ಕೇಳುವ ಹಾಗೆ. ಇದೇ ಪರದೆಯ ಹಿಂದೆ ಕೂತು ಎಷ್ಟೋ ಸಲ ಕೇಳಿಸಿಕೊಂಡಿದ್ದ ಇಲಿಮರಿ, ಅವರಿಗೆ ಶೀತವೇನೋ ಎಂದುಕೊಂಡಿದ್ದಳು.

ಅದು ಯಾವ ಪುಟದಲ್ಲೂ ಇರಲಿಲ್ಲ. ಇದ್ದಿದ್ದರೆ ಅವಳೇ ಅಳಿಸಿರುತ್ತಿದ್ದಳು.

ಸಂಗೀತ ಶುರುವಾಯಿತು. ಅದು ತಾತ ಹೇಳಿದಷ್ಟು ನಿಧಾನವಿರಲಿಲ್ಲ, ಆಂಟಿ ಹೇಳಿದಷ್ಟು ಬೇಗವೂ ಇರಲಿಲ್ಲ. ಪರಿಚಯದವರು ಯಾರೋ ಕಾರಿಡಾರಿನಲ್ಲಿ ನಡೆದು ಬರುತ್ತಿರುವ ಹಾಗಿತ್ತು.

ಅಮ್ಮನ ಮೊಣಕೈ ಅವಳ ಪಕ್ಕೆಗೆ ಮೆಲ್ಲಗೆ ತಿವಿಯಿತು.

"ಉಸಿರು ಬಿಡೇ," ಎಂದಳು ಅಮ್ಮ, ಮಧ್ಯಾಹ್ನದಿಂದ ಮೊದಲ ಬಾರಿಗೆ. "ಅವರೆಲ್ಲ ಆಗಲೇ ಬಿಟ್ಟಾಯ್ತು."