ಕಂಬಳಿಯ ಮೇಲೆ ಕೂರದವಳು

"ಅಲ್ಲಾಡ್ಬ್ಯಾಡ ಕಣಮ್ಮಿ! ಮುಳ್ಳು ಮುರಿದ್ರೆ ಒಳಗೇ ಉಳಿತೈತೆ."

ಕುರಿರೊಪ್ಪದ ಮುಳ್ಳುಬೇಲಿಯ ಬದಿಯಲ್ಲಿ ಬಿದ್ದಿದ್ದ ಜುಂಜಮ್ಮನ ಮೊಣಕಾಲನ್ನು ಅಪರಿಚಿತ ಕೈಯೊಂದು ಹಿಡಿದಿತ್ತು. ಶಿರಾ ಸೀಮೆಯ ಆ ಹಟ್ಟಿಗೆ ಕೊರಟಗೆರೆ ಕಡೆಯಿಂದ ಟಗರು ನೋಡಲು ಬಂದಿದ್ದ ಕ್ಯಾತಪ್ಪ, ಉಡಿದಾರಕ್ಕೆ ಕಟ್ಟಿದ್ದ ಚಿಮಟದಿಂದ ಜಾಲಿಮುಳ್ಳನ್ನು ಎಳೆದು ತೆಗೆದ.

"ಪೂರಾ ಬಂತು ನೋಡು!"

"ಮುಳ್ಳು ಬಂತು. ಕಾಲು ಯಾವಾಗ ಬುಡ್ತೀಯ?"

ಅವನು ನಾಚಿ ಕೈ ತೆಗೆದ. ಅವಳು ನಕ್ಕುಬಿಟ್ಟಳು. ಅದು ೧೯೭೬ರ ಸುಗ್ಗಿಯ ಕಾಲ. ಎರಡು ತಿಂಗಳೊಳಗೆ ಎರಡೂ ಮನೆಯವರು ಮದುವೆಯ ಮಾತಾಡಿಕೊಂಡರು.

ಆದರೆ ಆ ಮೊಣಕಾಲು ಊದಿಕೊಂಡಿತು; ಮಡಿಚಿದರೆ ಜೀವ ಹೋಗುವಂಥ ನೋವು. ತಂದೆ ಬೋರಪ್ಪ ಮಧುಗಿರಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದ. ಮೂಳೆಗೆ ಏನೂ ಆಗಿಲ್ಲವೆಂದರು ಡಾಕ್ಟರು.

ವೀಳ್ಯದ ದಿನ ಗಂಡು ಹಾಸಿದ ಕರಿಕಂಬಳಿಯ ಮೇಲೆ ಹೆಣ್ಣು ಬಂದು ಕೂತರೆ ಒಪ್ಪಿಗೆ. ನಿಂತೇ ಇದ್ದರೆ ನಿರಾಕರಣೆ. ಆ ಹಟ್ಟಿಯಲ್ಲಿ ನಡೆದುಬಂದ ರೀತಿ ಅದು. ಹಿರಿಯರೆಲ್ಲರ ಎದುರು ಜುಂಜಮ್ಮ ಬಾಗಿದಳು, ಬೆವರಿದಳು... ಕೂರಲಾಗದೆ ನಿಂತುಬಿಟ್ಟಳು.

ಈ ಭಾಗವನ್ನು ಹೇಳುವಾಗ ಹಟ್ಟಿಯ ಮುದುಕಿಯರು ಇಂದಿಗೂ ದನಿ ತಗ್ಗಿಸುತ್ತಾರೆ.

"ಕಾಲು ಮಡಿಚಕ್ಕಾಗಲ್ಲ ಕಣಪ್ಪ... ದೇವ್ರಾಣೆ!"

"ಡಾಕ್ಟ್ರು ಏನೂ ಇಲ್ಲ ಅಂದವ್ರೆ. ಯಾಕಮ್ಮಿ ಇಂಗೆ ಸುಳ್ಳಾಡ್ತೀಯ?" ಎಂದು ಬೋರಪ್ಪ ಗದರಿದ.

ಅವಳು ಕ್ಯಾತಪ್ಪನತ್ತ ನೋಡಿದಳು. 'ನೀನಾದರೂ ನಂಬು...'

"ಬ್ಯಾಡಾಗಿದ್ರೆ ಬಾಯಲ್ಲೇ ಹೇಳ್ಬೇಕಿತ್ತು," ಎಂದವನೇ ಕ್ಯಾತಪ್ಪ ಕಂಬಳಿಯನ್ನು ಹೆಗಲಿಗೇರಿಸಿ ಹೊರಟುಹೋದ.

ಹನ್ನೊಂದು ವರ್ಷ! ಅವಳಿಗೆ ಬೇರೆ ಗಂಡು ಬರಲಿಲ್ಲ. ಅವನು ಬೇರೆ ಹೆಣ್ಣು ನೋಡಲಿಲ್ಲ. ಬೋರಪ್ಪ ಮಗಳೊಡನೆ ಮಾತು ಬಿಟ್ಟವನು, ಹಾಗೆಯೇ ತೀರಿಕೊಂಡ.

೧೯೮೭ರ ಒಂದು ಮಧ್ಯಾಹ್ನ ಕ್ಯಾತಪ್ಪ ಮತ್ತೆ ಹಟ್ಟಿಗೆ ಬಂದ. ಆಗ ಅವನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅಟೆಂಡರ್.

"ಹೊಸ ಮಿಷನ್ ಬಂದೈತೆ ಜುಂಜಮ್ಮ, ಅಲ್ಟ್ರಾಸೌಂಡ್ ಅಂತ. ಮೊನ್ನೆ ಒಬ್ಬ ಬಡಗಿ ಅಂಗೈಲಿ, ಎಕ್ಸ್‌ರೇಗೆ ಕಾಣದ ಮರದ ಸಿಬರು ಅದ್ರಲ್ಲಿ ಕಾಣ್ತು. ನಿನ್ನ ಕಾಲು ಗ್ಯಾಪ್ಕ ಬಂತು... ಅವತ್ತು ಮುಳ್ಳಿನ ತುದಿ ನಾನು ಸರ್ಯಾಗಿ ನೋಡ್ಲೇ ಇಲ್ಲ."

"ನನ್ನ ನಂಬಕ್ಕೆ ನಿಂಗೆ ಮಿಷನ್ ಬೇಕಾಯ್ತಾ?"

ಅವನು ತಲೆ ತಗ್ಗಿಸಿ, ಬೆಂಗಳೂರಿಗೆ ಬಂದು ಒಮ್ಮೆ ಕಾಲು ತೋರಿಸುವಂತೆ ಬೇಡಿಕೊಂಡ.

"ಬರ್ತೀನಿ. ವಾಸಿಯಾಗ್ಲಿ ಅಂತಲ್ಲ. ನಾನು ಸುಳ್ಳಾಡ್ಲಿಲ್ಲ ಅಂತ ಒಬ್ರಾದ್ರೂ ಹೇಳ್ಲಿ."

ಬೆಂಗಳೂರಿನ ಆಸ್ಪತ್ರೆಯಲ್ಲಿ, ಮಲಗಿದ್ದ ಅವಳ ಮೊಣಕಾಲಿಗೆ ತಣ್ಣನೆಯ ಲೋಳೆ ಸವರಿ, ಡಾಕ್ಟರು ಪುಟ್ಟ ಉಪಕರಣವೊಂದನ್ನು ಮೆಲ್ಲಗೆ ಆಡಿಸಿದರು. ಪರದೆಯ ಮೇಲೆ, ಕೀಲಿನೊಳಗೆ ತುಂಬಿದ ನೀರು ಕಪ್ಪಗೆ ಕಂಡಿತು. ಅದರ ನಡುವೆ... ಅಕ್ಕಿಕಾಳಿನಷ್ಟು ಬೆಳ್ಳನೆಯ ಗೆರೆ!

"ಮುಳ್ಳಿನ ತುದಿಯೇ ಇರಬೇಕು. ಇಷ್ಟು ವರ್ಷ ಹೇಗೆ ತಡೆದುಕೊಂಡಿರಿ ತಾಯಿ? ಆಪರೇಷನ್ ಮಾಡಿ ತೆಗೆಯಬಹುದು. ಆದರೆ ಕೀಲು ಬಿಗಿದುಹೋಗಿದೆ; ಕಾಲನ್ನು ಮೊದಲಿನಂತೆ ಮಡಿಚಲಾಗದು."

ಜುಂಜಮ್ಮ ಆ ಗೆರೆಯನ್ನೇ ನೋಡುತ್ತಿದ್ದಳು.

"ನಮ್ಮಪ್ಪನ್ಗೆ ಒಂದೇ ಒಂದ್ಸಲ ತೋರ್ಸಕ್ಕಾಗಿದ್ರೆ..."

ಕಣ್ಣೀರು ಕೆನ್ನೆ ದಾಟಿ ಕಿವಿಯತ್ತ ಇಳಿಯಿತು.

ಅವಳು ಹೊರಗೆ ಬಂದಾಗ, ಡಾಕ್ಟರ ಮಾತು ಕೇಳಿಸಿಕೊಂಡಿದ್ದ ಕ್ಯಾತಪ್ಪ ವರಾಂಡದಲ್ಲಿ ಗೋಡೆಗೆ ಮುಖವಿಟ್ಟು ಅಳುತ್ತಿದ್ದ.

"ಪೂರಾ ಬಂತು ಅಂದವ್ನು ನಾನು. ಸುಳ್ಳಾಡಿದವ್ನು ನಾನೇ ಕಣಮ್ಮಿ!"

ಅವನು ಹೆಗಲ ಮೇಲಿನ ಕಂಬಳಿಯನ್ನು ಎತ್ತರದ ಬೆಂಚಿನ ಮೇಲೆ ಹಾಸಿದ. ಅದೇ ಕರಿಕಂಬಳಿ, ಅಂಚು ನವೆದಿತ್ತು.

"ಇಲ್ಲಿ ಕಾಲು ಚಾಚ್ಕೊಂಡೇ ಕೂರ್ಬೋದು. ಕೂರ್ಲೇಬೇಕು ಅಂತೇನಿಲ್ಲ..."

ಅವಳು ಬಹಳ ಹೊತ್ತು ನಿಂತೇ ಇದ್ದಳು.

"ಈಗ್ಲೂ ನೋಯ್ತದಾ?"

"ನೋಯ್ತದೆ."

"ನಂಬ್ತೀನಿ."

"ಮಿಷನ್ ನೋಡಿ ಹೇಳ್ತೀಯಾ?"

"ಇಲ್ಲ. ನಿನ್ನ ಮುಖ ನೋಡಿ."

ಜುಂಜಮ್ಮ ಅವನ ಭುಜ ಹಿಡಿದು, ಕಾಲು ಚಾಚಿ, ಕಂಬಳಿಯ ಮೇಲೆ ಕೂತಳು.